ನಡುಗುವ ಮಿಷನ್ನೂ ಬಿಳಿ ಕೋಟೂ

ನಾನು ಹೇಳುವುದು ಸುಳ್ಳು ಅನ್ನಿ ನೋಡೋಣ. ಅನ್ನುವವರು ಗಬ್ಬೂರಿಗೆ ಬಂದು, ಶಕ್ತಿ ಪಂದ್ಯದ ಗುಂಡುಕಲ್ಲು ಎತ್ತಿದ ಹುಡುಗ ಯಾರು ಅಂತ ಕೇಳಿ. ಅಂಥ ನಾನು ರಾಯಚೂರಿನ ಒಂದು ಫಿಜಿಯೋಥೆರಪಿ ಕ್ಲಿನಿಕ್ಕಿನಲ್ಲಿ ನಡುಗುವ ಮಿಷನ್ ನಡೆಸುತ್ತಿದ್ದೆ. ತೂಕದ ಮಿಷನ್ ಮೇಲೆ ನಿಂತಂಗೆ ಅದರ ಮೇಲೆ ನಿಲ್ಲಬೇಕು. ಕಾಲ ಕೆಳಗಿನ ಹಲಗೆ ಗಡಗಡ ನಡುಗುತ್ತದೆ, ಬಿಗಿದ ಸ್ನಾಯುಗಳು ಸಡಿಲಾಗುತ್ತವೆ, ನೋವು ಇಳಿಯುತ್ತದೆ. ನೋವು ಇಳಿಯಲಿ ಬಿಡಲಿ, ಅಲ್ಲಿ ದಿನಕ್ಕೊಬ್ಬರ ಮಾನವಂತೂ ಇಳಿಯುತ್ತಿತ್ತು. ಬಹಳ ಸಲ ನನ್ನದೇ.

ಕ್ಲಿನಿಕ್ ನಡೆಸುವ ಮೇಡಂ ಮೊದಲ ದಿನವೇ ಹೇಳಿದ್ದರು: "ಹತ್ತೋಕಿಂತ ಮೊದಲು ಹಳೇ ಪೆಟ್ಟು, ಆಪರೇಷನ್ ಏನರ ಆಗ್ಯಾವೇನು ಅಂತ ಕೇಳಬೇಕು. ಮೊಣಕಾಲು ಒಂಚೂರು ಬಗ್ಗಿಸಿ ನಿಂದ್ರಸಬೇಕು. ಮೂರು ತಿಂಗಳು ದೂರು ಬರಲಿಲ್ಲಂದ್ರ ನಿನಗ ಬಿಳಿ ಕೋಟು."

ನಾನು ಅದೇ ವಾರ ಊರಿಗೆ ಫೋನ್ ಮಾಡಿ, ಕೋಟು ಸಿಕ್ಕಿತು ಅಂದುಬಿಟ್ಟೆ.

ಮಾಸ್ತರರ ಹಲ್ಲು

ಮಾನ್ವಿಯಿಂದ ಒಬ್ಬ ನಿವೃತ್ತ ಮಾಸ್ತರರು ಮೊಣಕಾಲು ನೋವಿಗೆ ಬರುತ್ತಿದ್ದರು. ಮೊದಲ ದಿನ ಪಾಪ, ಅವರೇ ಮೊಣಕಾಲು ಬಗ್ಗಿಸಿ ನಿಂತರು.

"ಸರ್, ಗಂಡಸರು ಹಿಂಗ ಬಗ್ಗಿ ನಿಂದರತಾರೇನ್ರಿ? ನೆಟ್ಟಗ ನಿಂದರ್ರಿ," ಅಂದೆ.

ನೆಟ್ಟಗೆ ನಿಂತರು. ಗುಂಡಿ ಒತ್ತಿದೆ. ಕಾಲಿನಲ್ಲೇ ನಿಲ್ಲಬೇಕಾಗಿದ್ದ ನಡುಕ ಸೀದಾ ತಲೆಗೆ ಹೋಯಿತು. ಕಟ್ಟಿಸಿದ ಹಲ್ಲಿನ ಸೆಟ್ಟು ಬಾಯಿಂದ ಜಾರಿ ಹಲಗೆ ಮೇಲೆ ಬಿದ್ದು ಕಟಕಟ ಕುಣಿಯತೊಡಗಿತು. ಹಿಡಿಯಲು ಹೋದರೆ ಆ ಕಡೆ ಓಡುತ್ತದೆ, ಆ ಕಡೆ ಹೋದರೆ ಈ ಕಡೆ. ಕಾಯುತ್ತ ಕುಳಿತವರೆಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದರು. ಮಿಷನ್ ಬಂದ್ ಮಾಡಬೇಕು ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಮಾಸ್ತರರು ಬೊಚ್ಚುಬಾಯಲ್ಲೇ ಅಂದರು: "ನೋವು ಮೊಣಕಾಲಿಗಪ್ಪಾ. ನೀ ಹಲ್ಲಿಗ್ಯಾಕ ಕಸರತ್ತು ಮಾಡಸಾಕತ್ತಿ?"

ದೇವದುರ್ಗದ ಯವ್ವ

ಹೆಗಲು ಹಿಡಿದುಕೊಂಡಿದೆ ಅಂತ ದೇವದುರ್ಗದಿಂದ ಒಬ್ಬ ಮುದುಕಿಯನ್ನು ಕರೆದುಕೊಂಡು ಬಂದರು. ಅಮಾವಾಸ್ಯೆಗೆ ಆಕೆಯ ಮೈಮೇಲೆ ದೇವಿ ಬರುತ್ತಾಳಂತೆ. ಇದನ್ನು ಸೊಸೆಯಂದಿರು ನನಗೆ ಹೊರಗೇ ಹೇಳಿದ್ದರು. ಯವ್ವ ಚಪ್ಪಲಿ ಬಿಟ್ಟು, ಮಿಷನ್ನಿಗೆ ಕೈಮುಗಿದು ಹತ್ತಿದಳು.

ಗುಂಡಿ ಒತ್ತಿದ್ದೇ ತಡ, ಮೈಯೆಲ್ಲ ನಡುಗಿ ಕೂದಲ ಗಂಟು ಬಿಚ್ಚಿತು, ಬಾಯಿಂದ "ಊಊಊ" ಅಂತ ದನಿ ಹೊರಟಿತು. ಸೊಸೆಯಂದಿರು ದಡಕ್ಕನೆ ಅಡ್ಡಬಿದ್ದರು. ಒಬ್ಬಾಕೆ ಚೀಲದಿಂದ ದೇವಿಯ ಭಂಡಾರದ ಅರಿಶಿನ ತೆಗೆದು ಹಲಗೆಗೇ ಹಚ್ಚಿದಳು. ಕತ್ತುನೋವಿಗೆ ಬಂದಿದ್ದ ಹತ್ತಿ ವ್ಯಾಪಾರಿ, ಕತ್ತು ಬಗ್ಗಿಸಲಾರದವನು, ಬಗ್ಗಿಸಿಯೇ ಬಿಟ್ಟು, "ಯವ್ವಾ, ಈ ವರ್ಷ ರೇಟು ಏರತದೇನು?" ಅಂದ.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ನಾನೂ ಕೈಮುಗಿದೆ. "ಯವ್ವಾ, ನನಗ ಬಿಳಿ ಕೋಟು ಯಾವಾಗ ಸಿಗತದ?"

ಯವ್ವ ಕಣ್ಣು ಬಿಟ್ಟಳು. "ಮೊ-ಮೊ-ಮೊದಲ ಇ-ಇದನ್ನ ಬಂ-ಬಂದ್ ಮಾಡೋ, ಮಂ-ಮಂಗ್ಯಾ."

ತಿರುಗಿ ನೋಡಿದರೆ ಬಾಗಿಲಲ್ಲಿ ಮೇಡಂ. "ಮಾಸ್ತರರದು ಒಂದು, ಇದು ಎರಡು," ಅಂದರು. "ಇನ್ನೊಂದಾದ್ರ ಕೋಟು ಮರತುಬಿಡು."

ನನ್ನ ಪಾಳಿ

ಮೂರು ತಿಂಗಳಿಗೆ ನಾಲ್ಕೇ ದಿನ ಉಳಿದಿತ್ತು. ಗಬ್ಬೂರಿನ ಬಸ್ಸಿಗೆ ನಮ್ಮ ಸೋದರಮಾವ ಇಬ್ಬರು ಊರವರ ಜೊತೆ ಬಂದಿಳಿದ, ಹೆಗಲ ಮೇಲೆ ನನಗೆ ಅಂತ ಅರ್ಧ ಚೀಲ ಜೋಳ. ಕೋಟು ಹಾಕಿಕೊಂಡ ಅಳಿಯನನ್ನು ನೋಡಲು ಬಂದಿದ್ದರು.

ಮೇಡಂ ಊಟಕ್ಕೆ ಹೋಗಿದ್ದರು. ಅವರ ಕೋಟು ಮೊಳೆಗೆ ತೂಗುತ್ತಿತ್ತು. ಹೇಳಲಿಕ್ಕೆ ನಾಚಿಕೆಯಾಗುತ್ತದೆ, ಅದನ್ನೇ ತೊಟ್ಟೆ. ತೋಳುಗಳು ಮೊಣಕೈಗೇ ಮುಗಿದವು, ಗುಂಡಿ ಹತ್ತಲಿಲ್ಲ.

ಮಾವ ಮಿಷನ್ನಿನ ಸುತ್ತ ಒಂದು ಸುತ್ತು ಹಾಕಿದ. "ಇಷ್ಟೇ ಏನಲೇ? ಟ್ರ್ಯಾಕ್ಟರ್ ಮಡ್ಗಾರ್ಡ್ ಮ್ಯಾಲ ಕುಂತ್ರ ಇದಕ್ಕಿಂತ ಹೆಚ್ಚು ನಡಗತೀವಿ."

"ಮಾವಾ, ಇದರ ಮ್ಯಾಲ ನಿಂದ್ರಾಕ ಗುಂಡಿಗಿ ಬೇಕು," ಅಂದವನೇ ಜೋಳದ ಚೀಲ ಹೆಗಲಿಗೇರಿಸಿ ಹತ್ತಿದೆ. ನೆಟ್ಟಗೆ ನಿಂತೆ. ಕೈ ಚಾಚಿ ಗುಂಡಿ ಒತ್ತಿ, ವೇಗವನ್ನು ಕೊನೆಯವರೆಗೆ ಏರಿಸಿದೆ.

ಸೊಂಟದಲ್ಲಿ ಟಕ್ ಅಂತು. ಇಳಿಯಲು ಬಾರದು, ಚೀಲ ಇಳಿಸಲು ಬಾರದು, ಸೊಂಟ ತಿರುಗದೆ ಕೈ ಗುಂಡಿಗೆ ನಿಲುಕದು. ಊರವರು ಇದೂ ಆಟದಲ್ಲೇ ಬರುತ್ತದೆ ಅಂದುಕೊಂಡು ಚಪ್ಪಾಳೆ ಹೊಡೆಯತೊಡಗಿದರು. ನನ್ನ ಕಣ್ಣಲ್ಲಿ ನೀರು ಬಂದಷ್ಟೂ ಚಪ್ಪಾಳೆ ಜೋರಾಯಿತು. "ಯವ್ವಾ" ಅಂದೆ. "ಭಲೇ" ಅಂದರು.

ಅಷ್ಟರಲ್ಲಿ ಮಾನ್ವಿಯ ಮಾಸ್ತರರು ತಮ್ಮ ಪಾಳಿಗೆ ಬಂದರು. ನನ್ನನ್ನು ನೋಡಿ, ಮೊದಲು ತಮ್ಮ ಹಲ್ಲು ತೆಗೆದು ಜೇಬಿನಲ್ಲಿಟ್ಟುಕೊಂಡು, ಆಮೇಲೆ ಹತ್ತಿರ ಬಂದು ಮಿಷನ್ ಬಂದ್ ಮಾಡಿದರು. ನಾಲ್ವರೂ ಕೂಡಿ ನನ್ನನ್ನು ಜೋಳದ ಚೀಲದಂತೆಯೇ ಎತ್ತಿ ಮಂಚದ ಮೇಲೆ ಹಾಕಿದರು.

ಮೇಡಂ ಬಂದು, ನಾನು ಯಾರಿಗೂ ಕೇಳದಿದ್ದ ಆ ಪ್ರಶ್ನೆಯನ್ನು ನನಗೇ ಕೇಳಿದರು. "ಮೊದಲು ಸೊಂಟಕ್ಕ ಪೆಟ್ಟು ಬಿದ್ದಿತ್ತೇನು?"

ಮಾವ ಎದುರಿಗೇ ನಿಂತಿದ್ದ. ನೋವು ಸುಳ್ಳು ಹೇಳಲು ಬಿಡಲಿಲ್ಲ.

"ಗುಂಡುಕಲ್ಲು ಎತ್ತುವಾಗ ಉಳುಕಿತ್ರಿ," ಅಂದೆ. ಆಮೇಲೆ ಗೋಡೆ ಕಡೆ ನೋಡುತ್ತ, "ಎತ್ತಿಲ್ರಿ. ಮೊಣಕಾಲ ತನಕ ಬಂದಿತ್ತು ಅಷ್ಟೇ," ಅಂದೆ.

ಮಾವ ನನ್ನ ತಲೆ ನೇವರಿಸಿದ. "ಅದು ಊರಿಗೆಲ್ಲ ಗೊತ್ತದ ಬಿಡಲೇ."

ಮೇಡಂ ಕತ್ತರಿ ತಂದು ನನ್ನ ಮೈಮೇಲಿನ ತಮ್ಮ ಕೋಟನ್ನು ತಾವೇ ಬೆನ್ನುದ್ದಕ್ಕೂ ಕತ್ತರಿಸಿ ತೆಗೆದರು. ಅವರು ಕಪಾಟಿನ ಬಾಗಿಲು ತೆಗೆದಾಗ ನನ್ನ ಅಳತೆಗೆ ಹೊಲಿಸಿ, ನನ್ನ ಹೆಸರಿನ ಚೀಟಿ ಅಂಟಿಸಿದ್ದ ಬಿಳಿ ಕೋಟು ಮಡಚಿಟ್ಟಂತೆಯೇ ಕಂಡಿತು. ಮೇಡಂ ಕೈ ಅದರ ಪಕ್ಕಕ್ಕೆ ಹೋಯಿತು.

ನನಗೆ ಕೊಟ್ಟಿದ್ದು ಕರಿ ಬಣ್ಣದ ಒಂದು ಸೊಂಟದ ಬೆಲ್ಟು.