ಕಾಶ್ಯಪ ಗೋತ್ರದ ಬೇಸ್‌ಬಾಲ್ ತಂಡ

ಸುಬ್ಬುವಿನ ಕಷ್ಟಕ್ಕೆಲ್ಲ ಕಾರಣ, ಅವನ ಹೆಂಡತಿ ಮಾಧವಿ ಶನಿವಾರ ಬೆಳಿಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತ ಆಡಿದ ಒಂದು ಮಾತು.

"ವರ್ಷವಿಡೀ ಆ ಹುಡುಗರನ್ನ ಬೈದಿದ್ದೇ ಆಯ್ತು. ಒಂದು ದಿನವಾದ್ರೂ ಅವರಿಗೆ ಒಳ್ಳೇದಾಗ್ಲಿ ಅಂತ ದೇವರಿಗೆ ಕೈ ಮುಗಿದಿದ್ದೀರಾ?"

ಆ ಹುಡುಗರು ಎಂದರೆ ಹಡ್ಸನ್ ಹಾಕ್ಸ್ ಬೇಸ್‌ಬಾಲ್ ತಂಡದವರು. ವುಡ್‌ಬ್ರಿಡ್ಜ್‌ನಿಂದ ನ್ಯೂಯಾರ್ಕಿಗೆ ಹೋಗುವ ರೈಲಿನಲ್ಲಿ ಸುಬ್ಬುವಿನ ಪಕ್ಕ ಕೂತವರಿಗೆಲ್ಲ ಆ ತಂಡದ ಸಂಬಳದ ಪಟ್ಟಿ ಬಾಯಿಪಾಠವಾಗಿತ್ತು. ಅವನ ಸಿದ್ಧಾಂತಗಳು ಎರಡೇ. ದೊಡ್ಡ ಹೆಸರಿಗೆ ದೊಡ್ಡ ಸಂಬಳ ಸುರಿಯುವ ಬದಲು ಚಿಕ್ಕವರಿಗೆ ಅವಕಾಶ ಕೊಡಬೇಕು. ಗೆಲ್ಲಿಸಿದವನನ್ನು ಗೆಲ್ಲಿಸಿದ ಜಾಗದಿಂದ ಅಲುಗಾಡಿಸಬಾರದು. ತಂಡದ ಮಾಲೀಕರಿಗೆ ಇವೆರಡೂ ತಲೆಗೆ ಹೋಗಿರಲಿಲ್ಲ. ಬೆಲ್‌ಮಾಂಟ್ ಎಂಬ ಒಬ್ಬನಿಗೇ ಅರ್ಧ ಬೊಕ್ಕಸ ಬರಿದು ಮಾಡಿ ಕೂತಿದ್ದರು. ಅವನೋ, ಒಂದು ತಿಂಗಳಿಂದ ಬ್ಯಾಟು ಬೀಸಿ ಬರೀ ಗಾಳಿ ಹಾಕುತ್ತಿದ್ದ.

"ಹೆಸರು ಕ್ಷೀರಸಾಗರ ಭಟ್ಟ, ಮನೇಲಿ ಮಜ್ಜಿಗೆಗೂ ಗತಿ ಇಲ್ಲ!" ಎಂದು ಸುಬ್ಬು ದಿನಾ ಟಿವಿಗೆ ಹೇಳುತ್ತಿದ್ದ.

ಅಂದು ಫೈನಲ್ ಸರಣಿಯಲ್ಲಿ ಹಾಕ್ಸ್ ಒಂದು ಪಂದ್ಯ ಹಿಂದೆ ಇತ್ತು. ಸಂಜೆಯ ಆಟ ಸೋತರೆ ಅಲ್ಲಿಗೆ ಕತೆ ಮುಗಿಯಿತು. ಗೆದ್ದರೆ ಮಾತ್ರ ಭಾನುವಾರ ಕೊನೆಯ ಪಂದ್ಯ, ಮತ್ತು ಆ ಪಂದ್ಯಕ್ಕೆ ಸುಬ್ಬುವಿನ ಫೋನಿನಲ್ಲಿ ಒಂದು ಟಿಕೆಟ್ ಇತ್ತು. ಲಾಟರಿಯಲ್ಲಿ ಬಂದದ್ದು. ಅಮೆರಿಕಕ್ಕೆ ಬಂದ ಮೇಲೆ ಗ್ರೀನ್ ಕಾರ್ಡ್ ಬಿಟ್ಟರೆ ಅವನು ಅಷ್ಟು ಹಂಬಲಿಸಿದ ವಸ್ತು ಇನ್ನೊಂದಿರಲಿಲ್ಲ. ಹಾಗಾಗಿ ಮಾಧವಿಯ ಮಾತು ಅವನಿಗೆ ನಾಟಿತು. ಆಟ ನಾಲ್ಕಕ್ಕೆ, ಮೂರೂವರೆಗೆ ಹೋಗಿ ಒಂದು ಅರ್ಚನೆ ಮಾಡಿಸಿ ಬಂದರಾಯಿತು, ಐದು ನಿಮಿಷದ ಕೆಲಸ ಎಂದುಕೊಂಡು ಮಗಳು ದಿಯಾಳನ್ನೂ ಹೊರಡಿಸಿಕೊಂಡು ಪಿಸ್ಕಾಟವೇ ಕಡೆಯ ದೇವಸ್ಥಾನಕ್ಕೆ ಕಾರು ಓಡಿಸಿದ.

ದೇವಸ್ಥಾನದಲ್ಲಿ ಫೋನಿಗೆ ಪ್ರವೇಶವಿಲ್ಲ. ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಬುಟ್ಟಿಯಲ್ಲಿ ಅದನ್ನು ಮಲಗಿಸಿ ಸುಬ್ಬು ಸೇವಾ ಕೌಂಟರಿಗೆ ಬಂದ. ಅಲ್ಲಿ ಧಾರವಾಡ ಕಡೆಯ ಶೈಲಮ್ಮ ಕೂತಿದ್ದರು.

"ಹೆಸರು, ಗೋತ್ರ ಹೇಳ್ರಿ."

"ಡೇನಿಯಲ್ ಪ್ರೂಟ್."

ಶೈಲಮ್ಮನ ಪೆನ್ನು ನಿಂತಿತು. "ಇವ್ರು ನಿಮ್ಮ ಪೈಕಿ ಯಾರ್ರೀ?"

"ನಮ್ಮ ಪಿಚ್ಚರ್ ಆಂಟಿ. ಚೆಂಡು ಎಸೆಯೋನು. ಕಡಿಮೆ ಸಂಬಳ, ಪಾಪ, ಒಳ್ಳೇ ಕೆಲಸ. ಇನ್ನೂ ಇದ್ದಾರೆ, ಬರ್ಕೊಳ್ಳಿ."

ಸುಬ್ಬು ಇಡೀ ತಂಡವನ್ನು ಒಪ್ಪಿಸಿದ, ಬೆಲ್‌ಮಾಂಟ್ ಒಬ್ಬನನ್ನು ಬಿಟ್ಟು. ಹಿಂದೆ ಸಾಲಿನಲ್ಲಿ ನಿಂತಿದ್ದ ಶೈಲಮ್ಮನ ಯಜಮಾನರು ಈಶಣ್ಣ ಬಿಟ್ಟುಹೋದ ಹೆಸರನ್ನು ಕೂಡಲೇ ಹಿಡಿದರು.

"ಸುಬ್ಬು ಅವರ, ಎಲ್ಲಾರಿಗೂ ಮಾಡಸಾಕತ್ತೀರಿ, ಆ ಬೆಲ್‌ಮಾಂಟ್ ಏನ್ ಪಾಪಾ ಮಾಡ್ಯಾನ್ರೀ?"

"ಅಷ್ಟು ಸಂಬಳ ತಗೊಳೋನಿಗೆ ದೇವರ ಸಹಾಯ ಬೇರೆ ಯಾಕೆ ಅಂಕಲ್? ಅವನ ಜಾಗಕ್ಕೆ ಚಿಕ್ಕವರು ಯಾರನ್ನಾದ್ರೂ ಹಾಕಬೇಕಿತ್ತು. ಗೆಲ್ಲಿಸಿದೋರನ್ನ ಅವರವರ ಜಾಗದಲ್ಲೇ ಇಟ್ಟು, ಈ ದಂಡಪಿಂಡಾನ ತೆಗೀಬೇಕು. ಸ್ಟ್ಯಾಟ್ಸ್ ಸುಳ್ಳು ಹೇಳಲ್ಲ!"

ಸಾಲಿನಲ್ಲಿದ್ದವರೆಲ್ಲ ಬಾಯಲ್ಲೇ ತಮ್ಮ ತಮ್ಮ ಇಷ್ಟದ ಒಂದೊಂದು ತಂಡ ಕಟ್ಟತೊಡಗಿದರು. ಗಲಾಟೆ ಕೇಳಿ ದ್ವಾರಕಾನಾಥ ಭಟ್ಟರು ಗರ್ಭಗುಡಿಯಿಂದ ಇಣುಕಿದರು. ಈ ಊರಿನಲ್ಲಿ ಹೆಚ್ಚು ದಕ್ಷಿಣೆಯ, ಹೆಚ್ಚು ಬೇಡಿಕೆಯ ಭಟ್ಟರು ಅವರೇ. ಚೀಟಿ ನೋಡಿ ಮುಗ್ಧವಾಗಿ ಕೇಳಿದರು, "ಇವರೆಲ್ಲ ನಿಮ್ಮ ಆಫೀಸಿನವರಾ?"

"ಬೇಸ್‌ಬಾಲ್ ತಂಡದವರು ಭಟ್ಟರೇ. ಗೋತ್ರ ಗೊತ್ತಿಲ್ಲ."

"ಗೊತ್ತಿಲ್ಲದೋರಿಗೆ ಕಾಶ್ಯಪ ಗೋತ್ರ ಹೇಳೋದು ವಾಡಿಕೆ. ಚಿಂತೆ ಬೇಡ, ಕೂತ್ಕೊಳ್ಳಿ. ಎಲ್ಲರಿಗೂ ಸೇರಿಸಿ ಒಂದೇ ಅರ್ಚನೆಯೋ, ಒಬ್ಬೊಬ್ಬರಿಗೂ ಒಂದೊಂದು ಅಷ್ಟೋತ್ತರವೋ?"

ಸುಬ್ಬು ಬಾಯಿ ತೆರೆಯುವ ಮೊದಲೇ ಶೈಲಮ್ಮ ತೀರ್ಪು ಕೊಟ್ಟರು. "ಒಬ್ಬೊಬ್ಬರಿಗೂ ಮಾಡ್ರಿ. ಫೈನಲ್ ಅಂದ್ರ ಸಣ್ಣದೇನ್ರೀ?"

ಬೆರಳಿಗೆ ದರ್ಭೆಯ ಪವಿತ್ರ ಬಿತ್ತು. ಸಂಕಲ್ಪ ಮಾಡಿದವನು ಮಂಗಳಾರತಿಯವರೆಗೆ ಏಳುವಂತಿಲ್ಲ. "ಕಾಶ್ಯಪ ಗೋತ್ರೋದ್ಭವಸ್ಯ ಡೇನಿಯಲ್ ಪ್ರೂಟ್ ನಾಮಧೇಯಸ್ಯ" ಎಂದು ಭಟ್ಟರು ರಾಗವಾಗಿ ಆರಂಭಿಸಿದಾಗ ದಿಯಾ ನಗು ತಡೆಯಲಾರದೆ ಓಡಿಹೋದಳು.

ಅವಳು ಓಡಿದ್ದು ನೆಲಮಾಳಿಗೆಯ ಊಟದ ಹಾಲಿಗೆ. ಅಲ್ಲಿ ಸ್ವಯಂಸೇವಕರು ಹುಳಿಯನ್ನಕ್ಕೆ ಒಗ್ಗರಣೆ ಕೊಡುತ್ತ ದೊಡ್ಡ ಟಿವಿ ಹಾಕಿದ್ದರು. ಸಾಲಿನಲ್ಲಿದ್ದವರೂ ಒಬ್ಬೊಬ್ಬರಾಗಿ ಅಲ್ಲಿಗೆ ಇಳಿದರು. ಊರಿಗೆಲ್ಲ ಆಟ ಕಾಣುತ್ತಿತ್ತು. ಆಟಕ್ಕಾಗಿ ಬಂದವನು ಮಾತ್ರ ಮಣೆಯ ಮೇಲಿದ್ದ.

ಕೆಳಗಿನಿಂದ "ಅಯ್ಯೋ!" ಎಂದು ಕೇಳಿತು. ಸುಬ್ಬು ಕಿವಿ ನಿಮಿರಿಸಿದ. ಆಮೇಲೆ ಚಪ್ಪಾಳೆ. ಯಾರಿಗೆ? ಏಳಲು ಹೋದರೆ ಭಟ್ಟರು ಕಣ್ಣಲ್ಲೇ ಕೂರಿಸಿದರು. ಆಟಗಾರರು ಮುಗಿಯುತ್ತಲೇ ಇರಲಿಲ್ಲ. ಇಷ್ಟು ಉದ್ದದ ತಂಡ ಯಾಕೆ ಕಟ್ಟಿದರೋ ಎಂದು ಅವನು ಮೊದಲ ಸಲ ಮಾಲೀಕರನ್ನು ಬೇರೆ ಕಾರಣಕ್ಕೆ ಶಪಿಸಿದ. ಕಾಲು ಜೋಮು ಹಿಡಿಯಿತು. ಕೊನೆಯ ಹೆಸರೂ ಮುಗಿಯಿತು ಎನ್ನುವಷ್ಟರಲ್ಲಿ ಭಟ್ಟರು ಕಣ್ಣು ಮುಚ್ಚಿ, ತುಟಿಯಲ್ಲೇ ಇನ್ನೊಂದು ಅಷ್ಟೋತ್ತರ ಹೇಳಿಕೊಂಡು ಒಂದು ಹಿಡಿ ಹೂವು ಹೆಚ್ಚಾಗಿಯೇ ಹಾಕಿದರು. ಲೋಕಕಲ್ಯಾಣಕ್ಕಿರಬೇಕು ಎಂದು ಸುಬ್ಬು ಸಹಿಸಿಕೊಂಡ.

ಮಂಗಳಾರತಿಯ ಗಂಟೆ ಮೊಳಗಿತು. ಅದೇ ಕ್ಷಣಕ್ಕೆ ನೆಲದಡಿಯಿಂದ ಎದ್ದ ಕೂಗಿಗೆ ತೂಗುದೀಪವೇ ಅಲುಗಿತು.

ಈಶಣ್ಣ ಮೆಟ್ಟಿಲು ಹಾರುತ್ತ ಬಂದರು. "ಗೆದ್ವಿರೀ! ಕೊನೀ ಗಳಿಗ್ಯಾಗ ಹೋಂ ರನ್! ಚೆಂಡು ಸೀದಾ ಮಂದ್ಯಾಗ ಬಿತ್ರೀ!"

"ಯಾರು ಹೊಡೆದಿದ್ದು?"

"ಬೆಲ್‌ಮಾಂಟ್!"

ಸುಬ್ಬುವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಯೋಚಿಸಲು ಯಾರು ಬಿಟ್ಟರು? ದೇವರ ಹಾರವೊಂದು ಅವನ ಕೊರಳಿಗೆ ಬಿತ್ತು. ಹೆಂಗಸರು ಹುಳಿಯನ್ನದ ತಟ್ಟೆ ಹಿಡಿದರು, ಗಂಡಸರು ಭುಜ ತಟ್ಟಿದರು. ಎಲ್ಲ ಸುಬ್ಬುವಿನ ಪುಣ್ಯ ಎಂದಾಯಿತು. ವರ್ಷವಿಡೀ ಯಾರೂ ಕೇಳದ ಅವನ ಮಾತನ್ನು ಅಂದು ಇಡೀ ದೇವಸ್ಥಾನ ಕೇಳುತ್ತಿತ್ತು. ಸುಬ್ಬು ಹಿಗ್ಗಿ ಹೀರೇಕಾಯಿಯಾದ.

"ನಾಳೆ ಸ್ಟೇಡಿಯಂನಿಂದ ಎಲ್ಲರಿಗೂ ಫೋಟೋ ಕಳಿಸ್ತೀನಿ!" ಎಂದು ಘೋಷಿಸಿಯೂ ಬಿಟ್ಟ.

ಹಾಲು ಒಡೆದ ಹಾಗೆ ಎಲ್ಲರ ಮುಖ ಒಡೆಯಿತು.

"ನೀವು ಅಲ್ಲಿ ಹ್ವಾದ್ರ ಇಲ್ಲಿ ಮಣಿ ಮ್ಯಾಲೆ ಯಾರು ಕುಂಡ್ರೋರು?" ಎಂದರು ಶೈಲಮ್ಮ.

"ಯಾರಾದ್ರೂ ಕೂತ್ಕೊಳ್ಳಿ ಆಂಟಿ."

"ಅದ್ಹೆಂಗ್ರೀ?" ಈಶಣ್ಣ ಗದರಿದರು. "ಗೆಲ್ಲಿಸಿದಾಂವನ್ನ ಗೆಲ್ಲಿಸಿದ ಜಾಗಾದಿಂದ ಅಳ್ಳಾಡಸಬಾರ್ದು ಅಂತ ಈಗರ ನೀವ ಹೇಳಿದ್ರಲ್ರೀ?"

ಸುಬ್ಬು ಆಸರೆಗೆ ಮಗಳ ಕಡೆ ನೋಡಿದ. ದಿಯಾ ಹುಳಿಯನ್ನ ನುಂಗಿ ಹೇಳಿದಳು, "ಡ್ಯಾಡ್, ಈ ಇಯರ್ ನೀನು ಸ್ಟೇಡಿಯಂಗೆ ಹೋದಾಗೆಲ್ಲ ಹಾಕ್ಸ್ ಸೋತಿದ್ದಾರೆ. ಸ್ಟ್ಯಾಟ್ಸ್ ಡೋಂಟ್ ಲೈ."

ಮಾತು ಮನೆ ಕೆಡಿಸಿತು ಎನ್ನುವುದು ಇದಕ್ಕೇ. ಇನ್ನು ಉಳಿದದ್ದು ಟಿಕೆಟ್ ಯಾರಿಗೆ ಎಂಬ ಪ್ರಶ್ನೆ. ಈಶಣ್ಣನೂ ಸೇರಿ ಹತ್ತಾರು ಕೈಗಳು ಎದ್ದವು. ಜಗಳ ಬೇಡವೆಂದು ಶೈಲಮ್ಮ, "ಭಟ್ಟರಿಗೆ ಕೊಡ್ರಿ. ಬ್ರಾಹ್ಮಣಗ ದಾನಾ ಮಾಡಿದ್ರ ಇನ್ನೂ ಪುಣ್ಯೆ" ಎಂದರು. ಅದಕ್ಕೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ.

"ಭಟ್ಟರು ಹೋದ್ರೆ ನಾಳೆ ಅರ್ಚನೆ ಮಾಡೋರು ಯಾರು?" ಸುಬ್ಬು ಕೊನೆಯ ಹುಲ್ಲುಕಡ್ಡಿ ಹಿಡಿದ. "ಗೆದ್ದ ತಂಡದಲ್ಲಿ ಅವರೂ ಇದ್ರಲ್ಲ!"

"ನಮ್ಮ ಚಿಕ್ಕ ಭಟ್ಟರು ಮಾಡ್ತಾರೆ," ಎಂದರು ಭಟ್ಟರು ವಿನಯದಿಂದ. "ದೊಡ್ಡ ಸಂಬಳದೋರನ್ನೇ ಹಿಡ್ಕೊಂಡು ಕೂರಬಾರದು, ಚಿಕ್ಕವರಿಗೂ ಅವಕಾಶ ಕೊಡಬೇಕು. ನೀವು ಹೇಳಿದ್ದು ಒಳಗೂ ಕೇಳಿಸ್ತು. ಬಹಳ ಸರಿಯಾದ ಮಾತು."

ಬುಟ್ಟಿಯಿಂದ ಸುಬ್ಬುವಿನ ಫೋನು ಬಂತು. ಅವನು ಟಿಕೆಟ್ ಕಳಿಸಿದ. ಭಟ್ಟರು ಪಂಚೆಯ ಸೊಂಟದ ಮಡಿಕೆಯಿಂದ ತಮ್ಮ ಫೋನು ತೆಗೆದರು. ಪರದೆಯ ತುಂಬ, ಬ್ಯಾಟು ಎತ್ತಿ ನಗುತ್ತಿದ್ದವನು ಬೆಲ್‌ಮಾಂಟ್.

ಸುಬ್ಬು ಕಣ್ಣು ಕಣ್ಣು ಬಿಟ್ಟ. ಭಟ್ಟರು ತೀರ್ಥ ಕೊಡುವವರಂತೆ ಬಗ್ಗಿ ಅವನ ಕಿವಿಯಲ್ಲಿ ಪಿಸುಗುಟ್ಟಿದರು.

"ನೀವು ಬಿಟ್ರಿ ಅಂತ ನಾನು ಬಿಡೋಕಾಗುತ್ತಾ? ಕೊನೇ ಅಷ್ಟೋತ್ತರ ಅವನ್ದೇ."

"ಹಾಗಾದ್ರೆ ಗೆಲ್ಲಿಸಿದ್ದು ನೀವು!" ಎಂದು ಸುಬ್ಬು ಕಿರುಚಿದ. "ಕೇಳ್ರಪ್ಪಾ, ಗೆಲ್ಲಿಸಿದ್ದು ನಾನಲ್ಲ, ಭಟ್ಟರು!"

"ನೋಡ್ರಿ, ಎಂಥಾ ವಿನಯ!" ಎಂದು ಈಶಣ್ಣ ಕಣ್ಣೊರೆಸಿಕೊಂಡರು. ಜನ ಇನ್ನೊಂದು ಸಲ ಜೈಕಾರ ಹಾಕಿ ಸುಬ್ಬುವನ್ನು ಎತ್ತಿಕೊಂಡೇಬಿಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಅವರ ಭುಜದ ಮೇಲೆ ಕೂತವನಿಗೆ ಚೆನ್ನಾಗಿ ಕಾಣುತ್ತಿತ್ತು.

ಅಷ್ಟರಲ್ಲಿ ಬಾಗಿಲ ತನಕ ಹೋಗಿದ್ದ ಭಟ್ಟರು ಏನೋ ನೆನಪಾಗಿ ತಿರುಗಿದರು.

"ಸುಬ್ಬು ಅವರೇ, ನಾಳೆ ಬರುವಾಗ ಒಂದು ಮೆತ್ತನೆ ದಿಂಬು ತಗೊಂಬನ್ನಿ. ನಮ್ಮ ಚಿಕ್ಕ ಭಟ್ಟರು ಮಂತ್ರ ಸ್ವಲ್ಪ ನಿಧಾನ ಹೇಳ್ತಾರೆ."