ಕೌದ್ಯಾಗ ಸುತ್ತಿದ ಉಸಿರಿನ ಮಶೀನು

ಬರ್ರಿ, ಗ್ವಾಡಿಗಿ ಬೆನ್ನು ಹಚ್ಚಿ ಆರಾಮ ಕುಂದರ್ರಿ. ಚಾ ಬರ್ತದ, ಅಲ್ಲಿತನಕ ನನ್ನ ಮಶೀನಿನ ಸುದ್ದಿ ಕೇಳ್ರಿ. ಮನ್ಯಾಗಿದ್ದಾಗ ಅದು ಪಾಪ, ಮೂಲ್ಯಾಗ ಸುಮ್ಮ ಕುಂತಿರ್ತದ. ಹೊಸ್ತಿಲ ದಾಟಿಸಿದೆ ಅಂದ್ರ ಏನಾರ ಒಂದು ಆಗೇ ಆಗ್ತದ.

ನನಗ ನಿದ್ದ್ಯಾಗ ಉಸಿರು ನಿಂತು ನಿಂತು ಬರೋ ಬ್ಯಾನಿ. ಗೊರಕಿ ಹೊಡಕೋತ ಒಮ್ಮಿಗೇ ಗಪ್ಪಾಗ್ತಿದ್ದೆನಂತ. ನಮ್ಮ ಮನಿಯವರು, "ಇಕಿ ಗೊರಕಿ ಹೊಡದ್ರ ಸಪ್ಪಳಕ್ಕ ನಿದ್ದಿ ಬರಂಗಿಲ್ಲ, ನಿಂತ್ರ ಅಂಜಿಕಿಗಿ ನಿದ್ದಿ ಬರಂಗಿಲ್ಲ," ಅಂತಿದ್ರು. ಆಮ್ಯಾಲ ಡಾಕ್ಟ್ರು ಈ ಮಶೀನು ಕೊಡಿಸಿದ್ರು. ಒಂದು ಡಬ್ಬಿ ಗಾಳಿ ಊದ್ತದ, ಅದರ ಬಾಜು ಒಂದು ಸಣ್ಣ ತೊಟ್ಟ್ಯಾಗ ನೀರು ಇರ್ತದ, ಗಾಳಿ ಒಣಗಬಾರದಂತ. ಡಬ್ಬಿಯಿಂದ ಒಂದು ಉದ್ದನ ಕೊಳವಿ, ಅದರ ತುದಿಗಿ ಮೂಗಿಗಿ ಕಟ್ಟಿಕೊಳ್ಳೋ ಮುಖವಾಡ. ಅದು ಬಂದಮ್ಯಾಲ ಮುಂಜಾನಿ ಎಳೀ ಕರುವಿನಂಗ ಏಳಾಕತ್ತೇನಿ. "ಯಾವ ಊರಿಗಿ ಹೋದ್ರೂ ಸಂಗಟ ಒಯ್ರಿ, ಒಂದ್ ರಾತ್ರಿನೂ ಬಿಡಬ್ಯಾಡ್ರಿ," ಅಂತ ಡಾಕ್ಟ್ರು ತಾಕೀದು ಮಾಡ್ಯಾರ.

ಮಶೀನಿನ ಜೋಡಿ ಒಂದು ಚೀಲಾನೂ ಬಂದಿತ್ತು. ತೆಳ್ಳಗಿತ್ತು. ಅಂಗಡಿ ಚೀಲದಾಗ ಜೀವ ಇಟ್ಟುಕೊಂಡು ತಿರಗಾಡಾಕ ನನ್ನ ಮನಸ್ಸು ಒಪ್ಪಲಿಲ್ಲ. ಕೂಸುಗಳಿಗಿ ಹೊಚ್ಚೋ ಸಣ್ಣ ಕೌದ್ಯಾಗ ಸುತ್ತಿ, ಹಳೀ ಸೀರಿ ಅಂಚಿನಿಂದ ಕಟ್ಟಿ ಒಯ್ತಿದ್ದೆ.

ಬಸ್ಸಿನ್ಯಾಗ

ಮೊದಲನೇ ಸಲ ಹುಮನಾಬಾದಕ್ಕ ಮಗಳ ಮನಿಗಿ ಹೊಂಟಿದ್ದೆ. ನಮ್ಮೂರು ಮೋರಖಂಡಿಯಿಂದ ಬಸವಕಲ್ಯಾಣಕ್ಕ ಬಂದು ಬಸ್ ಹತ್ತಿದ್ರ ಕಾಲಿಡಾಕ ಜಾಗಿಲ್ಲ. ಒಬ್ಬ ಯಜಮಾನ ನನ್ನ ಎದಿಗಿ ಅವಚಿದ್ದ ಗಂಟು ನೋಡಿ, "ಕೂಸಿನ ತಗೊಂಡು ನಿಂತಾರಲ್ಲ, ಕುಂದರ್ರಿ ಆಯಿ," ಅಂತ ಎದ್ದು ನಿಂತ. ಕುಂತೆ. ಕೂಸಲ್ಲ ಅಂತ ನಾ ಯಾಕ ಹೇಳಲಿ? ಅಂವ ಕೇಳಿಲ್ಲ.

ಹೆದ್ದಾರಿ ಹತ್ತಿದ ಮ್ಯಾಲ ಬಾಜು ಕುಂತ ಹೆಣಮಗಳು ಸೀರಿ ಝಾಡಿಸಿದಳು. "ಆಯಿ, ನಿಮ್ಮ ಕೂಸು ಉಚ್ಚಿ ಹೊಯ್ದದ. ಲಂಗೋಟಿ ಕಟ್ಟಬಾರದೇನ್ರಿ?"

ಗಂಟಿನ ಬುಡ ಮುಟ್ಟಿ ನೋಡಿದೆ. ತೊಟ್ಟ್ಯಾಗಿನ ನೀರು ಚೆಲ್ಲದೇ ಹಂಗೇ ಕಟ್ಟಿಕೊಂಡು ಬಂದಿದ್ದೆ. ನೀರು ಡಬ್ಬಿ ಒಳಗ ಇಳದ್ರ ಗಾಳಿ ಊದೋ ಮೋಟರ್ ಸತ್ತಂಗೇ. ಹಿಂದ ಮುಂದ ನೋಡಲಿಲ್ಲ, ಗಂಟು ಬುಡಮ್ಯಾಲ ಮಾಡಿ ಝಾಡಿಸಾಕ ಸುರು ಮಾಡಿದೆ.

ಬಸ್ಸಿಗಿ ಬಸ್ಸೇ ಎದ್ದು ನಿಂತು, "ಮುದುಕಿಗಿ ತಲಿ ಕೆಟ್ಟದ, ಕೂಸು ಕಸಗೋರಿ," ಅಂತು. ಕಂಡಕ್ಟರ್ ಬಂದು ಕೌದಿ ಬಿಚ್ಚಿಸಿದ. ಡಬ್ಬಿ ಹೊರಗ ಬಂತು. ಎಲ್ಲಾರೂ ಕುತ್ತಿಗಿ ಉದ್ದ ಮಾಡಿ ನೋಡಾಕತ್ತಿದ್ರು. ಆ ಯಜಮಾನ ಅಷ್ಟೇ ಸಮಾಧಾನಲೆ ಅಂದ: "ಕೂಸಿಲ್ಲ ಅಂದಮ್ಯಾಲ ನನ್ನ ಸೀಟು ನನಗ ಬಿಡ್ರಿ."

ಪುಣ್ಯಾಕ್ಕ ಮೋಟರಿಗಿ ಏನೂ ಆಗಿರಲಿಲ್ಲ. ಆದ್ರ ಸುದ್ದಿ ನಮ್ಮ ಮಗನ ಕಿವಿಗಿ ಬಿತ್ತು. "ಅವ್ವಾ, ಇದು ಕೆಟ್ರ ಹೊಸಾದು ತರೋತನಕ ನಿನ್ನ ಉಸಿರಿಗಿ ಯಾರು ಜವಾಬ್ದಾರಿ? ಊರಾಡೋದು ಕಮ್ಮಿ ಮಾಡು," ಅಂದ.

ತೀರ್ಥ

ಬಸವಕಲ್ಯಾಣದಾಗೇ ನಮ್ಮ ಬಳಗದವರ ಮನ್ಯಾಗ ಒಮ್ಮಿ ಉಳದಿದ್ದೆ. ಮಶೀನಿಗಿ ಹಾಕೋ ಶುದ್ಧ ನೀರಿನ ಬಾಟಲಿ ಹುಡುಗರ ಕೈಗಿ ಸಿಗಬಾರದಂತ ದೇವರ ಜಗಲಿ ಮ್ಯಾಲ ಇಟ್ಟಿದ್ದೆ. ಮುಂಜಾನಿ ಎದ್ದು ನೋಡ್ತೀನಿ, ಆ ಮನಿ ಹಿರ್ಯಾಕಿ ಓಣ್ಯಾಗಿನವರನ್ನೆಲ್ಲಾ ಕರದು ಚಮಚದಿಂದ ಹಂಚಾಕತ್ತಾಳ. ಕಾಶಿಯಿಂದ ಬಂದ ಗಂಗಾ ಅಂತ ತಿಳಕೊಂಡಿದ್ದಳು. ಕುಡದವರೆಲ್ಲಾ ಕಣ್ಣಿಗಿ ಒತ್ತಿಕೊಂಡು ಹೋದ್ರು, ನಾ ಯಾವ ಬಾಯಿಲೆ ಹೇಳಲಿ? ಸಂಜಿಕ ಒಬ್ಬಾಕಿ ಬಂದು ನನ್ನ ಕೈ ಹಿಡದಳು. "ಮೊಣಕಾಲ ಬ್ಯಾನಿ ಅರ್ಧ ಹೋಯ್ತು ಆಯಿ. ಉಳದ ಅರ್ಧಕ್ಕ ಮತ್ತ ಯಾವಾಗ ಬರ್ತೀರಿ?"

ಮಂಠಾಳದ ಆಡು

ಮಂಠಾಳದಾಗ ನನ್ನ ತಂಗಿ ಆಡು ಸಾಕ್ಯಾಳ. ಅಲ್ಲಿ ಹೋದಾಗ ಕೊಳವಿ ತೊಳದು ಅಂಗಳದ ಹಗ್ಗದ ಮ್ಯಾಲ ಒಣಗ ಹಾಕಿದ್ದೆ. ರೊಟ್ಟಿ ತಿಂದು ಹೊರಗ ಬರೂದ್ರಾಗ ಅದರ ಒಂದು ತುದಿ ಆಡಿನ ಬಾಯಾಗ.

"ಎಳಿಬ್ಯಾಡ ಅಕ್ಕ, ಹರೀತದ," ಅಂದಳು ತಂಗಿ.

"ಎಳೀಲಿಲ್ಲಂದ್ರ ನುಂಗ್ತದ."

ಆಕಿ ಆಡಿನ ಮೂಗು ಹಿಡದಳು. ಉಸಿರು ಕಟ್ಟಿ ಅದು ಬಾಯಿ ತೆರೀತು. ನನ್ನ ಉಸಿರು ಬಿಡಸಾಕ ಅದರ ಉಸಿರು ಹಿಡೀಬೇಕಾತು ನೋಡ್ರಿ.

ಕೊಳವಿಗಿ ಹಲ್ಲಿನ ತೂತು ಬಿದ್ದಿದ್ವು. ಮಗನಿಗಿ ತಿಳದ್ರ ನನ್ನ ತಿರಗಾಟ ಮುಗೀತು. ಇಬ್ಬರೂ ಸೆರಗಿನ್ಯಾಗ ಮುಚ್ಚಿಕೊಂಡು ಪಂಕ್ಚರ್ ಅಂಗಡಿಗಿ ಓಡಿದ್ವಿ. ಅಂವ ಕೊಳವಿ ನೀರಿನ ಬುಟ್ಟ್ಯಾಗ ಅದ್ದಿ, ಗುಳ್ಳಿ ಬಂದಲ್ಲಿ ಗುರ್ತು ಹಾಕಿ, ಟೇಪು ಸುತ್ತಿದ. ಆಮ್ಯಾಲ ತಿರಗಾ ಮುರಗಾ ನೋಡಿ ಕೇಳಿದ, "ಯಾವ ಗಾಡೀದು ಆಯಿ ಇದು?"

"ಹಳೀ ಗಾಡಿ ತಮ್ಮಾ. ನಿನ್ನ ಮುಂದೇ ನಿಂತದ."

ಟೇಪು ಸುತ್ತಿದ ಕೊಳವಿ ಪುಂಗಿಯಂಗ ಊದ್ತಿತ್ತು. ಮನಿಗಿ ಬಂದಮ್ಯಾಲ ಮುಚ್ಚಿಡಾಕ ಆಗಲಿಲ್ಲ. ಮಗ ಹೊಸಾ ಕೊಳವಿ ತಂದುಕೊಟ್ಟು ಒಂದೇ ಮಾತು ಅಂದ: "ಇನ್ನೊಮ್ಮಿ ಏನಾರ ಆತಂದ್ರ ಮಶೀನೂ ಮನ್ಯಾಗ, ನೀನೂ ಮನ್ಯಾಗ."

ತೊಟ್ಟಿಲು

ಅಷ್ಟ್ರಾಗ ಹುಮನಾಬಾದದಿಂದ ಸುದ್ದಿ ಬಂತು. ಮಗಳ ಮಗಳು ಗಂಡು ಹಡದಾಳ, ತೊಟ್ಟಿಲಕ್ಕ ಬರ್ರಿ ಅಂತ. ಮರಿಮಗನ ತೊಟ್ಟಿಲ ತೂಗೋದು ಎಷ್ಟು ಮಂದಿಗಿ ಸಿಗ್ತದ? ನಾ ಊಟ ಬಿಟ್ಟು ಕುಂತೆ. ಕಡೀಕ ಮಗ ಒಪ್ಪಿದ. "ಆದ್ರ ನಾನೂ ಬರ್ತೀನಿ. ಮಶೀನು ನನ್ನ ಕೈಯಾಗ. ನಿನ್ನ ಮ್ಯಾಲ ಭರೋಸಾ ಇಲ್ಲ."

ನಾನೂ ಈ ಸಲ ಶಾಣ್ಯಾಕ್ಯಾಗಿದ್ದೆ. ನೀರು ಚೆಲ್ಲಿ, ತೊಟ್ಟಿ ಒರಸಿ, ಕೊಳವಿ ಬ್ಯಾರೆ ಚೀಲದಾಗ ಹಾಕಿ, ಡಬ್ಬಿ ಎರಡು ಕೌದ್ಯಾಗ ಸುತ್ತಿದ್ದೆ. ಮನಿ ಮುಟ್ಟಿದ ಮ್ಯಾಲ ಮಗ ಅದನ್ನ ಒಳಗಿನ ಖೋಲ್ಯಾಗ ಇಟ್ಟು ಕೈಕಾಲು ತೊಳಕೊಂಡು ಬಂದ. ಮಂದಿ ಕೂಡಿದ್ದು ನೋಡಿ ಜೀವ ತಡೀಲಿಲ್ಲ, ಮತ್ತ ಒಳಗ ಹೋಗಿ ಗಂಟು ಎತ್ತಿಕೊಂಡು ಬಂದು ಬಾಗಿಲ ಬಾಜು ಕುಂತ.

ನಮ್ಮ ಕಡಿ ತೊಟ್ಟಿಲದಾಗ ಕೂಸಿಗಿಂತ ಮೊದಲು ಗುಂಡಕಲ್ಲು ಹಾಕ್ತಾರ, ಖಾರ ಅರಿಯೋ ಕಲ್ಲು. ಅದಕ್ಕ ಎಣ್ಣಿ ಹಚ್ಚಿ, ಕೂಸಿನಂಗ ಕೌದಿ ಸುತ್ತಿ, ಒಬ್ಬಾಕಿ ತೊಟ್ಟಿಲ ಮ್ಯಾಲಿಂದ ಕೊಟ್ರ ಒಬ್ಬಾಕಿ ಕೆಳಗಿಂದ ತಗೋತಾಳ. ಕೂಸು ಕಲ್ಲಿನಂಗ ಗಟ್ಟಿ ಆಗಲಿ ಅಂತ.

ಕೂಸಿನ ಅಪ್ಪನ ಅವ್ವ, ನಮ್ಮ ಬೀಗತಿ, ಒಳಗಿಂದ ಗಂಟು ತಂದಳು. ಮ್ಯಾಲ ಹಸಿರು ಖಣ ಹೊಚ್ಚಿ, ಕುಂಕುಮ ಹಚ್ಚಿ ಕೊಟ್ಟಳು. ಕೆಳಗಿಂದ ತಗೊಂಡಾಕಿ ನಾನೇ. "ಕಲ್ಲು ಭಾಳ ಹಗೂರ ಅದಲ್ಲವ್ವ," ಅಂದೆ.

"ಈಗಿನ ಕಲ್ಲು ಹಂಗೇ ಆಯಿ. ಮಂದೀನೂ ಹಂಗೇ," ಅಂದಳು ಬೀಗತಿ.

ಆ ಕಡಿ ಮಗನ ಮಾರಿ ಸಣ್ಣಾಗಿತ್ತು. ನನ್ನ ಕಡಿ ನೋಡ್ತಾನ, ತೊಡಿ ಮ್ಯಾಲಿನ ಗಂಟು ನೋಡ್ತಾನ. ಹೊಸಾ ಬಿಳೀ ಅಂಗಿ ತುಂಬ ಎಣ್ಣಿ. ಬಗ್ಗಿ, ನಮ್ಮ ಸಂಗಟ ಬಂದಿದ್ದ ಅವರ ಅಪ್ಪನ ಕಿವ್ಯಾಗ ಅಂದನಂತ, "ಅಪ್ಪಾ, ಅವ್ವನ ಮಶೀನು ಎಣ್ಣಿ ಬಿಡಾಕತ್ತದ. ಅಕಿಗಿ ಹ್ಯಾಂಗ ಹೇಳಲಿ?"

ತೊಟ್ಟಿಲದಾಗಿನ ಗಂಟು ಸರಿಯಾಗಿ ಇಡಬೇಕಂತ ಕೂಸಿನ ಅತ್ತಿ ಖಣ ಎಳದಳು. ಒಳಗಿಂದ ಕರೀ ವಾಯರು ಜೋತು ಬಿತ್ತು.

"ಕಲ್ಲಿಗಿ ಕರೆಂಟು ಯಾವಾಗ ಬಂತು?" ಅಂದಳು ನನ್ನ ಮಗಳು.

ಹೆಂಗಸರೆಲ್ಲಾ ಹೊಳ್ಳಿ ಮಗನ ಕಡಿ ನೋಡಿದ್ರು. ಅಂವ ಮೆಲ್ಲಕ ಕೌದಿ ಬಿಚ್ಚಿದ. ಗುಂಡಕಲ್ಲು ಮಿರಿ ಮಿರಿ ಮಿಂಚಾಕತ್ತಿತ್ತು.

ನನಗ ನಗು ಬರಲಿಲ್ಲ. ಮಶೀನು ಮ್ಯಾಲ ಕೆಳಗ ಎಷ್ಟು ಸಲ ಆಡ್ಯದ, ಜೀವ ಉಳದದೋ ಇಲ್ಲೋ? ಕೌದಿ ಬಿಚ್ಚಿ ಅಲ್ಲೇ ಪ್ಲಗ್ಗಿಗಿ ಹಚ್ಚಿಸಿದೆ. ಬೀಗತಿ ಏನಾತಂತ ಮಾರಿ ಒಯ್ದು ಕೊಳವಿ ಹಚ್ಚೋ ತೂತಿನ ಮುಂದ ಹಿಡದಳು. ಗಂವ್ ಅಂತ ಗಾಳಿ ಬಂತು, ಬಿಚ್ಚುವಾಗ ತೂತಿನ್ಯಾಗ ಉದರಿದ್ದ ಕುಂಕುಮ ಎಲ್ಲಾ ಆಕಿ ಮಾರಿ, ಸೀರಿ ಮ್ಯಾಲ.

ಆಕಿ ಕಣ್ಣು ಒರಸಿಕೊಂಡು ಅಂದಳು, "ಗಟ್ಟಿ ಅದ ಕೂಸು. ಇನ್ನ ನಮ್ಮ ಕೂಸಿನ ತರ್ರಿ."

ಮರಿಮಗನ ತೊಟ್ಟಿಲ ಮೊದಲ ತೂಗಿದಾಕಿ ನಾನೇ.

ಈಗ ಆ ಕೂಸು ಅಂಗಳ ತುಂಬ ಓಡಾಡ್ತದ. ಬೀಗತಿ ಕುಂಕುಮದ ಸೀರಿ ತೊಳೀದೇ ಇಟ್ಟಾಳ, ಬಂದವರಿಗೆಲ್ಲಾ ತೋರಸ್ತಾಳ. ಬಸ್ಸಿನ ಹೆಣಮಗಳು ಮಗಳ ಓಣ್ಯಾಗಿನಾಕೀನೇ ಅಂತ ಆಮ್ಯಾಲ ತಿಳೀತು, ಕಂಡಾಗೆಲ್ಲಾ "ಕೂಸು ಆರಾಮದನೇನ್ರಿ?" ಅಂತ ಕೇಳ್ತಾಳ. ಮೊಣಕಾಲಿನಾಕಿ ಇನ್ನೂ ದಾರಿ ನೋಡಾಕತ್ತಾಳ. ಆಡು ತಂಗಿ ಮನ್ಯಾಗ ಅದ, ಈಗ ಅಕಿ ಚಪ್ಪಲಿ ತಿಂತದ. ಪಂಕ್ಚರಿನಂವ ದೊಡ್ಡ ಅಂಗಡಿ ಹಾಕ್ಯಾನ. ನಮ್ಮ ಮನಿಯವರಿಗಿ ಮಶೀನಿನ ಸಪ್ಪಳ ಇಲ್ಲಂದ್ರ ನಿದ್ದಿ ಬರಂಗಿಲ್ಲ.

ಮಗನ ಬಿಳೀ ಅಂಗಿ ಎಣ್ಣಿ ಬಿಡಲಿಲ್ಲ, ಹೊಲಕ್ಕ ಹಾಕ್ಕೋತಾನ. ನಾ ಊರಿಗಿ ಹೊಂಟೀನಿ ಅಂದ್ರ ಈಗ ತುಟಿ ಪಿಟಕ್ ಅನ್ನಂಗಿಲ್ಲ. ಮಶೀನಿನ ಗಂಟು ತಾನೇ ತಂದು ಬಾಗಿಲದಾಗ ಇಡ್ತಾನ. ಇಡೋಕಿಂತ ಮೊದಲ ಮಾತ್ರ, ನಮಗ ಬೆನ್ನು ಮಾಡಿ ನಿಂತು, ಕೌದಿ ಬಿಚ್ಚಿ ಒಮ್ಮಿ ನೋಡ್ತಾನ.