ಡಿಜೆಯೊಬ್ಬಳನ್ನು ಬಿಟ್ಟು ಎಲ್ಲರೂ ಬಂದ ವಿಡಿಯೋ

ಶುಭಕಾರ್ಯದಲ್ಲಿ ತಾಂಬೂಲ ಸಿಗದ ನೆಂಟನನ್ನು ಹೇಗಾದರೂ ಸಮಾಧಾನ ಮಾಡಬಹುದು. ವಿಡಿಯೋದಲ್ಲಿ ಮುಖ ಬಾರದವನನ್ನು ಮಾತ್ರ ಆ ದೇವರೂ ಸಮಾಧಾನ ಮಾಡಲಾರ. ನಮ್ಮ ಗೃಹಪ್ರವೇಶದ ವಿಡಿಯೋದಲ್ಲಿ ಸಿರುಗುಪ್ಪದ ನನ್ನ ಭಾವಮೈದುನನ ಮೊಣಕೈಯಷ್ಟೇ ಬಂದಿತ್ತು. ಪುಣ್ಯಾತ್ಮ ಎಷ್ಟೋ ದಿನ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅಂದಿನಿಂದ ಕೈಗೆ ಫೋನು ಬಂದರೆ ಸಾಕು, ಕುಳಿತವರನ್ನೆಲ್ಲ ಒಬ್ಬರನ್ನೂ ಬಿಡದೆ ಹಿಡಿಯುವುದು ನನಗೆ ವ್ರತವಾಗಿಬಿಟ್ಟಿತು. ಆ ವ್ರತ ನನ್ನ ಮಗಳ ಹೊಟ್ಟೆಯ ಮೇಲೆಯೇ ಹೊಡೆಯುತ್ತದೆಂದು ನನಗೇನು ಗೊತ್ತಿತ್ತು?

ಮಗಳು ಗಿರಿಜಾ ಡಿಜೆ. ಬಿ.ಕಾಂ. ಮುಗಿಸಿ, ಹಾಡಿಗೆ ಹಾಡು ಬೆರೆಸುವ ಮಷೀನೊಂದನ್ನು ಗಾಂಧಿನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಇಟ್ಟುಕೊಂಡಿದ್ದಾಳೆ. ಭಾನುವಾರ ಸಂಜೆ ಅವಳು ನುಡಿಸಬೇಕು, ನಾನು ಫೋನಿನಲ್ಲಿ ಹಿಡಿಯಬೇಕು, ಆಮೇಲೆ ಅವಳು ಅದನ್ನು ನೆಟ್ಟಿಗೆ ಹಾಕಬೇಕು. ಕೌಲ್ ಬಜಾರಿನಲ್ಲಿ ಮೋಟಾರು ವೈಂಡಿಂಗ್ ಮಾಡುವ ನನಗೆ ಬೀಟು ಗೀಟು ತಿಳಿಯದು. ಕಿಟಕಿಯ ಗಾಜು ನಡುಗಿದರೆ ಚೆನ್ನಾಗಿದೆ ಅಂತ ಅರ್ಥ. ಆದರೆ ಮರ್ಯಾದೆ ತಿಳಿಯುತ್ತದೆ. ಹಾಗಾಗಿ ಗಿರಿಜಾಳನ್ನು ಒಂದು ಗಳಿಗೆ ತೋರಿಸಿ, ಕೇಳಲು ಬಂದವರ ಕಡೆ ತಿರುಗುತ್ತಿದ್ದೆ. ಕೊಳಗಲ್ಲಿನಿಂದ ಬಂದ ನಮ್ಮ ಅಣ್ಣನಂತೂ ಕ್ಯಾಮೆರಾ ಕಂಡೊಡನೆ ರುಮಾಲು ಸರಿಮಾಡಿಕೊಂಡು ಕೈ ಮುಗಿಯುತ್ತಿದ್ದ. "ಡಿಜೆ ಎಲ್ಲಿ ಅದಾಳ್ರಿ? ಅಜ್ಜಗ ಒಂದು ಲೈಕ್" ಎಂದು ಯಾರೋ ಕೆಳಗೆ ಬರೆದಿದ್ದರು. ಅದು ಹೊಗಳಿಕೆಯೆಂದೇ ನಾನು ತಿಳಿದೆ.

ಅಷ್ಟರಲ್ಲಿ ಕುರುಗೋಡಿನ ಮದುವೆ ಮನೆಯವರೊಬ್ಬರು ಅರಿಶಿನದ ದಿನಕ್ಕೆ ಡಿಜೆ ಹುಡುಕುತ್ತಿದ್ದರು. ಗಿರಿಜಾ ವಿಡಿಯೋ ಕಳಿಸಿದಳು. ಮರುದಿನವೇ ಫೋನು ಬಂತು. "ನಿಮ್ಮ ಮಂದಿ ಎಲ್ಲಾರೂ ಭಾಳ ಚಲೋ ಅದಾರ್ರಿ. ಹುಡಿಗಿನ ಕಾಣಲಿಲ್ಲ. ಆಕಿ ನುಡಸೂದು ಕಾಣೂ ಹಂಗ ಇನ್ನೊಂದು ಕಳಸ್ರಿ, ಇಲ್ಲಾಂದ್ರ ಬ್ಯಾರೇದವ್ರನ್ನ ನೋಡ್ತೀವಿ."

ಗಿರಿಜಾ ಸಿಟ್ಟಾಗಲಿಲ್ಲ. ನನಗೆ ಅದೇ ಸಂಕಟ.

"ಅಪ್ಪಾ, ಇದೂ ತಪ್ಪಿದ್ರ ಮಷೀನು ಮಾರಿಬಿಡ್ತೀನಿ. ಒಂದ ಒಂದು ಹಾಡು, ನನ್ನಷ್ಟ ಹಿಡಿ."

"ಮತ್ತ ನಿಮ್ಮ ದೊಡ್ಡಪ್ಪ ಕುಂತಾನಲ್ಲವ್ವಾ? ಬ್ಯಾಸರ ಮಾಡ್ಕೊಳ್ಳೂದಿಲ್ಲೇನು?"

"ದೊಡ್ಡಪ್ಪನ ಮುಖ ಊರಿಗೆಲ್ಲ ಗೊತ್ತೈತಿ. ನನ್ನ ಮುಖ ಯಾರಿಗೆ ಗೊತ್ತೈತಿ?"

ಫೋನು ಅವಳತ್ತ ಹಿಡಿದು ಹಲ್ಲು ಕಚ್ಚಿ ನಿಂತೆ. ಬಲಗಡೆ ಅಣ್ಣ ಕೆಮ್ಮಿದ, ತಿರುಗಲಿಲ್ಲ. ಮತ್ತೆ ಕೆಮ್ಮಿದ, ಆಗಲೂ ತಿರುಗಲಿಲ್ಲ. ಒಂದು ಇಡೀ ಹಾಡು ನನ್ನ ಮಗಳನ್ನೇ ನೋಡಿದ್ದು ಅದೇ ಮೊದಲು. ಕೆಳದುಟಿ ಕಚ್ಚಿಕೊಂಡು, ಕಣ್ಣು ಮುಚ್ಚಿ, ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಮೆಲ್ಲಗೆ ಒಳಗೆ ಕರೆದುಕೊಳ್ಳುತ್ತಿದ್ದಳು. ಅಬ್ಬಾ, ಇವಳಿಗೆ ಇಷ್ಟೆಲ್ಲ ಬರುತ್ತದೆಯೇ! ಹೆಮ್ಮೆಯಿಂದ ನನಗೆ ಕಣ್ಣು ತುಂಬಿ ಬಂತು.

ಆಮೇಲೆ ನೋಡಿದರೆ ವಿಡಿಯೋ ತುಂಬ ನಮ್ಮ ಮನೆ ಗಡಗಡ ಅಲ್ಲಾಡುತ್ತಿತ್ತು.

"ಅಪ್ಪಾ, ಅತ್ತೀಯೇನು?"

"ಸೌಂಡಿಗೆ ಕೈ ನಡಗಿತವ್ವಾ," ಎಂದೆ.

ಅವಳು ನಕ್ಕಳು. ಮರುದಿನ ಮೂರು ಕಾಲಿನ ಸ್ಟ್ಯಾಂಡೊಂದನ್ನು ತಂದು ನಿಲ್ಲಿಸಿದಳು. ಅದಕ್ಕೆ ನೆಂಟರ ಹಂಗಿಲ್ಲ, ಅಳುವೂ ಬರುವುದಿಲ್ಲ. ಅದು ಹಿಡಿದ ವಿಡಿಯೋ ನೋಡಿ ಕುರುಗೋಡಿನವರು ಒಪ್ಪಿಕೊಂಡರು. ಅಂದು ಬೀದಿಗೆಲ್ಲ ಸಿಹಿ ಹಂಚಿದವನು ನಾನೇ.

ಈಗ ಭಾನುವಾರ ನಾನೂ ಅಣ್ಣನ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಕೂರುತ್ತೇನೆ. ಮೊನ್ನೆಯ ವಿಡಿಯೋವನ್ನು ಕೊನೆಯವರೆಗೂ ನೋಡಿದೆ. ಬೆಳಕು ಚೆನ್ನಾಗಿದೆ, ಸದ್ದು ಚೆನ್ನಾಗಿದೆ, ಮಗಳಂತೂ ಬಹಳ ಚೆನ್ನಾಗಿದ್ದಾಳೆ. ನಾನೆಲ್ಲೂ ಇಲ್ಲ. ಅವಳು ಊಟಕ್ಕೆ ಕರೆದಾಗ ಹಸಿವಿಲ್ಲ ಎಂದುಬಿಟ್ಟೆ.